ಒಂದು ಬಕೆಟ್ ಮುಚ್ಚಳಗಳ ಲೆಕ್ಕ

ಒಂದು ಖಾಲಿ ನೀರಿನ ಬಾಟಲಿ ತಗೊಳ್ಳಿ. ಮುಚ್ಚಳ ಬಿಚ್ಚಿ. ಬಾಟಲಿಯ ಹೊಟ್ಟೆಯಿಂದ ಕತ್ತರಿಯಲ್ಲಿ ಒಂದು ಚೂರು ಕತ್ತರಿಸಿ, ಮುಚ್ಚಳವನ್ನೂ ಎರಡು ತುಂಡು ಮಾಡಿ. ಎಲ್ಲವನ್ನೂ ಒಂದು ಬಕೆಟ್ ನೀರಿಗೆ ಹಾಕಿ, ಗಾಳಿಗುಳ್ಳೆ ಬಿಟ್ಟುಹೋಗುವ ಹಾಗೆ ಕೈಯಲ್ಲಿ ಕಲಕಿ. ಬಾಟಲಿಯ ಚೂರು ತಳಕ್ಕೆ ಇಳಿಯುತ್ತದೆ. ಮುಚ್ಚಳದ ತುಂಡನ್ನು ಎಷ್ಟು ಸಲ ಅದುಮಿದರೂ ಮೇಲೆ ಬಂದು ತೇಲುತ್ತದೆ.

ನಾವು ಒಂದು ಬಾಟಲಿ ಅಂದುಕೊಂಡಿದ್ದರಲ್ಲಿ ಎರಡು ಬೇರೆ ಬೇರೆ ಪ್ಲಾಸ್ಟಿಕ್ ಇದೆ. ಬಾಟಲಿ ಪೆಟ್ ಎಂಬ ಪ್ಲಾಸ್ಟಿಕ್‌ನದು, ಅದು ನೀರಿಗಿಂತ ಭಾರ. ಮುಚ್ಚಳ ಎಚ್‌ಡಿಪಿಇ ಎಂಬ ಗಟ್ಟಿ ಪಾಲಿಥಿನ್‌ನದು ಅಥವಾ ಪಾಲಿಪ್ರೊಪಿಲೀನ್‌ನದು, ಅವೆರಡೂ ನೀರಿಗಿಂತ ಹಗುರ. ಎಚ್‌ಡಿಪಿಇ ಸುಮಾರು 130 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಪಾಲಿಪ್ರೊಪಿಲೀನ್ 160ರ ಮೇಲೆ. ಪೆಟ್ ಕರಗಬೇಕಾದರೆ 250 ದಾಟಬೇಕು. ಇವನ್ನೆಲ್ಲ ಒಟ್ಟಿಗೆ ಒಂದು ಪಾತ್ರೆಗೆ ಹಾಕಿ ಬಿಸಿ ಮಾಡಿದರೆ ಒಂದು ಕರಗಿ ಹರಿಯುವಾಗ ಇನ್ನೊಂದು ಕಲ್ಲಿನ ಹಾಗೆ ಕೂತಿರುತ್ತದೆ. ಅದೂ ಕರಗಲಿ ಎಂದು ಬಿಸಿ ಏರಿಸುತ್ತಾ ಹೋದರೆ ಮೊದಲನೆಯದು ಹದ ಕೆಟ್ಟು ಹೊಗೆಯಾಡುತ್ತದೆ. ಎರಡನ್ನೂ ಕರಗಿಸಿಬಿಟ್ಟರೂ ಎಣ್ಣೆ ನೀರಿನ ಹಾಗೆ ದೂರ ದೂರವೇ ಉಳಿಯುತ್ತವೆ. ತಣ್ಣಗಾದ ಮೇಲೆ ಆ ಗಡಿಯಲ್ಲೇ ಬಿರುಕು ಬಿಡುತ್ತದೆ.

ಪ್ಲಾಸ್ಟಿಕ್ ಕಸವನ್ನು ಅಲ್ಲಲ್ಲೇ, ಸಣ್ಣ ಪ್ರಮಾಣದಲ್ಲಿ ಕರಗಿಸಿ ಬೆಂಚು, ಹಲಗೆ, ನೆಲಹಾಸಿನ ಬಿಲ್ಲೆ ಮಾಡುವ ಬಗ್ಗೆ ಈಗ ತುಂಬಾ ಮಾತು ಕೇಳಿಬರುತ್ತಿದೆ. ವಿಡಿಯೋಗಳಲ್ಲಿ ನೋಡಿದರೆ ಸುಲಭ ಅನ್ನಿಸುತ್ತದೆ. ಒಂದು ಕಡೆಯಿಂದ ಕಸ ಸುರಿಯುತ್ತಾರೆ, ಇನ್ನೊಂದು ಕಡೆಯಿಂದ ಬಣ್ಣ ಬಣ್ಣದ ಹಲಗೆ ಹೊರಗೆ ಬರುತ್ತದೆ. ನಡುವೆ ಆಗುವ ಕೆಲಸವನ್ನು ಯಾರೂ ತೋರಿಸುವುದಿಲ್ಲ. ಈ ಪ್ರಯತ್ನಗಳ ಮೇಲೆ ನನಗೆ ನಂಬಿಕೆ ಇದೆ. ಹಾಗಾಗಿಯೇ ಅವು ಎಲ್ಲಿ ಗೆಲ್ಲುತ್ತವೆ, ಎಲ್ಲಿ ಸೋಲುತ್ತವೆ, ಎಲ್ಲಿ ತೊಂದರೆಯನ್ನೇ ಮಾಡುತ್ತವೆ ಎಂದು ಬಿಡಿಸಿ ನೋಡಬೇಕು ಅನ್ನಿಸಿತು.

ಕಸ ಎಷ್ಟಿದೆ?

2017ರಲ್ಲಿ ಮೂವರು ವಿಜ್ಞಾನಿಗಳು ಒಂದು ಲೆಕ್ಕ ಮುಂದಿಟ್ಟರು. ಪ್ಲಾಸ್ಟಿಕ್ ದೊಡ್ಡ ಪ್ರಮಾಣದಲ್ಲಿ ತಯಾರಾಗಲು ಶುರುವಾದಾಗಿನಿಂದ 2015ರವರೆಗೆ ಜಗತ್ತು ತಯಾರಿಸಿದ್ದು ಸುಮಾರು 830 ಕೋಟಿ ಟನ್. ಅದರಲ್ಲಿ 630 ಕೋಟಿ ಟನ್ ಆಗಲೇ ಕಸವಾಗಿತ್ತು. ಆ ಕಸದಲ್ಲಿ ಮರುಬಳಕೆಯಾದದ್ದು ಬರೀ ಶೇ 9. ಶೇ 12 ಸುಟ್ಟುಹೋಯಿತು. ಉಳಿದ ಶೇ 79 ಕಸದ ಗುಂಡಿಗಳಲ್ಲಿ, ಬಯಲಲ್ಲಿ, ನೀರಲ್ಲಿ ಬಿದ್ದಿದೆ. ಆಮೇಲೆ ಬಹುಪಾಲು ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿ ಸಂಸ್ಥೆ 2019ರ ಒಂದೇ ವರ್ಷದ ಲೆಕ್ಕ ಹಾಕಿತು. ಆ ವರ್ಷದ ಕಸ 35.3 ಕೋಟಿ ಟನ್. ಕೊನೆಗೂ ಮರುಬಳಕೆಯಾದದ್ದು ಮತ್ತೆ ಶೇ 9ರ ಆಸುಪಾಸು. ಈ ಕಸದಲ್ಲಿ ಮೂರರಲ್ಲಿ ಎರಡು ಪಾಲು ಐದು ವರ್ಷವೂ ಬಾಳದ ವಸ್ತುಗಳದ್ದು. ಪ್ಯಾಕಿಂಗ್‌ನದ್ದೇ ಶೇ 40.

ಬಹಳ ಕಾಲ ಶ್ರೀಮಂತ ದೇಶಗಳು ಈ ತಲೆನೋವನ್ನು ಹಡಗಿಗೆ ತುಂಬಿ ಕಳಿಸುತ್ತಿದ್ದವು. 1992ರಿಂದ ಈಚೆಗೆ ಜಗತ್ತಿನಲ್ಲಿ ಹೀಗೆ ದೇಶ ದಾಟಿದ ಪ್ಲಾಸ್ಟಿಕ್ ಕಸದಲ್ಲಿ ಅರ್ಧಕ್ಕೆ ಹತ್ತಿರದಷ್ಟು ಚೀನಾ ಒಂದಕ್ಕೇ ಹೋಗಿತ್ತು. 2018ರಲ್ಲಿ ಚೀನಾ ಬಾಗಿಲು ಹಾಕಿತು. ಕಸ ಬೇರೆ ದೇಶಗಳ ಕಡೆಗೆ ತಿರುಗಿತು, ಅಲ್ಲೂ ವಿರೋಧ ಎದ್ದಿತು. 2019ರಲ್ಲಿ, ಅಪಾಯಕಾರಿ ಕಸ ದೇಶ ದಾಟುವುದಕ್ಕೆ ಕಡಿವಾಣ ಹಾಕುವ ಬಾಸೆಲ್ ಒಪ್ಪಂದಕ್ಕೆ ತಿದ್ದುಪಡಿ ತಂದು, 2021ರ ಜನವರಿಯಿಂದ ಕೊಳಕು, ಮಿಶ್ರ ಪ್ಲಾಸ್ಟಿಕ್ ಕಳಿಸಬೇಕಾದರೆ ತೆಗೆದುಕೊಳ್ಳುವ ದೇಶದ ಒಪ್ಪಿಗೆ ಬೇಕು ಎಂದು ಮಾಡಿದರು. ಹುಟ್ಟಿದ ಕಸಕ್ಕೆ ಹುಟ್ಟಿದ ಕಡೆಯೇ ದಾರಿ ಹುಡುಕಬೇಕು ಎಂಬ ಮಾತಿಗೆ ಬಲ ಬಂದದ್ದು ಹೀಗೆ.

ಅಲ್ಲಲ್ಲೇ ಮಾಡುವುದಕ್ಕೆ ಇನ್ನೊಂದು ಸರಳ ಕಾರಣವೂ ಇದೆ. ಪ್ಲಾಸ್ಟಿಕ್ ಕಸದಲ್ಲಿ ತೂಕಕ್ಕಿಂತ ಗಾಳಿ ಜಾಸ್ತಿ. ಥರ್ಮೋಕೋಲ್‌ನಲ್ಲಿ ಶೇ 95ಕ್ಕೂ ಹೆಚ್ಚು ಗಾಳಿಯೇ. ಖಾಲಿ ಬಾಟಲಿ, ಡಬ್ಬಿಗಳನ್ನು ಒತ್ತದೆ ಲಾರಿಗೆ ತುಂಬಿದರೆ ಲಾರಿ ಬೇಗ ತುಂಬುತ್ತದೆ, ತೂಕ ಮಾತ್ರ ಏರುವುದಿಲ್ಲ. ನೂರಾರು ಕಿಲೋಮೀಟರ್ ಗಾಳಿ ಸಾಗಿಸಿದ ಹಾಗೆ. ದೂರದ ಹಳ್ಳಿ, ದ್ವೀಪ, ಗುಡ್ಡಗಾಡುಗಳಿಂದ ದೊಡ್ಡ ಕಾರ್ಖಾನೆಗೆ ಪ್ಲಾಸ್ಟಿಕ್ ಬರದೇ ಇರುವುದು ಇದೇ ಕಾರಣಕ್ಕೆ. ಅದನ್ನು ಅಲ್ಲೇ ಚೂರು ಮಾಡಿ, ಅಲ್ಲೇ ಬೇಕಾದ ವಸ್ತು ಮಾಡಿದರೆ ಸಾಗಣೆಯ ಖರ್ಚೇ ಇಲ್ಲ.

ಗುಡಿಸಲಲ್ಲೂ ನಡೆಯುವ ಯಂತ್ರ

ಈ ಕೆಲಸಕ್ಕೆ ಹೆಚ್ಚು ಹೆಸರು ತಂದುಕೊಟ್ಟವರು ನೆದರ್‌ಲೆಂಡ್ಸ್‌ನ ಡೇವ್ ಹಾಕೆನ್ಸ್. 2013ರಲ್ಲಿ ‘ಪ್ರೆಷಸ್ ಪ್ಲಾಸ್ಟಿಕ್’ ಎಂಬ ಹೆಸರಲ್ಲಿ ಅವರು ಶುರು ಮಾಡಿದ ಕೆಲಸದ ತಿರುಳು ಇಷ್ಟೇ: ಸಣ್ಣ ಮರುಬಳಕೆ ಯಂತ್ರಗಳ ನಕ್ಷೆಯನ್ನು ಯಾರು ಬೇಕಾದರೂ ಉಚಿತವಾಗಿ ತೆಗೆದುಕೊಳ್ಳಲಿ, ಒಬ್ಬ ವೆಲ್ಡಿಂಗ್ ಕೆಲಸದವರು ಸಿಕ್ಕರೆ ಎಲ್ಲಿ ಬೇಕಾದರೂ ಕಟ್ಟಿಕೊಳ್ಳಲಿ. ಚೂರು ಮಾಡುವ ಶ್ರೆಡರ್, ಕರಗಿಸಿ ಶಾವಿಗೆ ಒತ್ತಿದ ಹಾಗೆ ತಳ್ಳುವ ಎಕ್ಸ್‌ಟ್ರೂಡರ್, ಹಿಡಿ ಎಳೆದು ಅಚ್ಚಿಗೆ ತುಂಬುವ ಇಂಜೆಕ್ಷನ್ ಯಂತ್ರ, ಬಿಸಿಯಲ್ಲಿಟ್ಟು ಒತ್ತುವ ಪ್ರೆಸ್. ನಾಲ್ಕೇ ಯಂತ್ರ. 2020ರಲ್ಲಿ ಬಂದ ಹೊಸ ನಕ್ಷೆಗಳಲ್ಲಿ ದೊಡ್ಡ ಹಲಗೆ ಒತ್ತುವ ಶೀಟ್ ಪ್ರೆಸ್ ಕೂಡ ಸೇರಿತು. ನನ್ನ ಪ್ರಕಾರ ಈ ಶೀಟ್ ಪ್ರೆಸ್ ಬಂದ ಮೇಲೆಯೇ ಸಣ್ಣ ಕಾರ್ಯಾಗಾರಗಳಿಗೆ ನಿಜವಾದ ದಾರಿ ಸಿಕ್ಕಿತು. ಯಾಕೆ ಎಂದು ಮುಂದೆ ಹೇಳುತ್ತೇನೆ.

ಯಂತ್ರವೇ ಇಲ್ಲದೆ ನಡೆದ ಕೆಲಸವೂ ಇದೆ, ಅದನ್ನು ಮರೆಯಬಾರದು. ಗ್ಯಾಂಬಿಯಾ ದೇಶದ ಎನ್‌ಜೌ ಎಂಬ ಹಳ್ಳಿಯಲ್ಲಿ 1997ರಲ್ಲಿ ಇಸಾತು ಸೀಸೆ ಎಂಬ ಹೆಣ್ಣುಮಗಳು ಇನ್ನು ಕೆಲವು ಹೆಂಗಸರನ್ನು ಸೇರಿಸಿಕೊಂಡು ಬೀದಿಯಲ್ಲಿ ಬಿದ್ದ ಪ್ಲಾಸ್ಟಿಕ್ ಕವರ್‌ಗಳನ್ನು ಆರಿಸಲು ಶುರು ಮಾಡಿದರು. ತೊಳೆದು, ಒಣಗಿಸಿ, ಉದ್ದನೆಯ ಪಟ್ಟಿಗಳಾಗಿ ಕತ್ತರಿಸಿ, ನೂಲಿನ ಹಾಗೆ ಕ್ರೋಶಾ ಕಡ್ಡಿಯಲ್ಲಿ ಹೆಣೆದು ಪರ್ಸು, ಚೀಲ ಮಾಡಿದರು. ಕರಗಿಸುವುದೇ ಇಲ್ಲ, ಹಾಗಾಗಿ ಹೊಗೆಯೂ ಇಲ್ಲ. ಕರೆಂಟೂ ಬೇಡ. ಪ್ರಮಾಣ ಸಣ್ಣದು, ನಿಜ. ಆದರೆ ಎಸೆದ ಕವರಿಗೆ ಒಂದು ಬೆಲೆ ಇದೆ ಎಂದು ಊರಿನ ಕಣ್ಣಿಗೆ ಕಾಣುವ ಹಾಗೆ ಮಾಡಿತಲ್ಲ, ಆ ಕೆಲಸ ಸಣ್ಣದಲ್ಲ.

ಕೆನ್ಯಾದ ನೈರೋಬಿಯಲ್ಲಿ ಎನ್ಜಾಂಬಿ ಮಾಟೀ ಎಂಬ ಎಂಜಿನಿಯರ್ ಪ್ಲಾಸ್ಟಿಕ್‌ಗೆ ಮರಳು ಬೆರೆಸಿ ನೆಲಕ್ಕೆ ಹಾಸುವ ಬಿಲ್ಲೆ ತಯಾರಿಸುತ್ತಾರೆ. 2020ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗ ಅವರನ್ನು ಯುವ ಸಾಧಕರಲ್ಲಿ ಒಬ್ಬರೆಂದು ಗುರುತಿಸಿತು. ಕೊಲಂಬಿಯಾದ ‘ಕಾನ್ಸೆಪ್ಟೋಸ್ ಪ್ಲಾಸ್ಟಿಕೋಸ್’ ಎಂಬ ಕಂಪನಿ ಒಂದಕ್ಕೊಂದು ಸಿಕ್ಕಿಕೊಳ್ಳುವ ಪ್ಲಾಸ್ಟಿಕ್ ಇಟ್ಟಿಗೆ ಮಾಡುತ್ತದೆ. 2019ರಲ್ಲಿ ಯುನಿಸೆಫ್ ಅದರ ಜೊತೆ ಸೇರಿ ಐವರಿ ಕೋಸ್ಟ್‌ನಲ್ಲಿ ಶಾಲಾ ಕೊಠಡಿಗಳಿಗೆ ಅಂಥ ಇಟ್ಟಿಗೆ ತಯಾರಿಸುವ ಕಾರ್ಖಾನೆಯ ಯೋಜನೆ ಪ್ರಕಟಿಸಿತು. ಮದುರೈನ ಪ್ರಾಧ್ಯಾಪಕ ರಾಜಗೋಪಾಲನ್ ವಾಸುದೇವನ್ ಅವರ ದಾರಿ ಇನ್ನೂ ಬೇರೆ. ಬಿಸಿ ಜಲ್ಲಿಯ ಮೇಲೆ ಪ್ಲಾಸ್ಟಿಕ್ ಚೂರು ಉದುರಿಸಿದರೆ ಅದು ಕರಗಿ ಕಲ್ಲಿಗೆ ಪದರದ ಹಾಗೆ ಅಂಟುತ್ತದೆ. ಆಮೇಲೆ ಡಾಂಬರು ಬೆರೆಸಿ ರಸ್ತೆ ಹಾಕುತ್ತಾರೆ. ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು.

ಮುಚ್ಚಳದಿಂದ ಹಲಗೆಗೆ

ಈಗ ಕೆಲಸವನ್ನು ಹತ್ತಿರದಿಂದ ನೋಡೋಣ. ನಾನು ಮೊದಲ ಸಲ ಮುಚ್ಚಳಗಳನ್ನು ಕರಗಿಸಿ ಒಂದು ಬಿಲ್ಲೆ ಒತ್ತಿದಾಗ ಆದದ್ದು ಹೇಳುತ್ತೇನೆ. ಅಡುಗೆಗೆ ಬಳಸದ, ಇದಕ್ಕೇ ಎಂದು ಇಟ್ಟ ಒಂದು ಸಣ್ಣ ಓವನ್, ಎರಡು ಕಬ್ಬಿಣದ ತಟ್ಟೆ, ನಡುವೆ ಚೂರು ಮಾಡಿದ ಮುಚ್ಚಳ. ಬಿಸಿ 150ರ ಹತ್ತಿರ. ಒಂದು ಗಂಟೆ ಬಿಟ್ಟು ಒತ್ತಿ ತೆಗೆದಾಗ ನೀಲಿ, ಬಿಳಿ, ಹಸಿರು ಬಣ್ಣಗಳು ಅಮೃತಶಿಲೆಯ ಗೆರೆಗಳ ಹಾಗೆ ಕಲೆತಿದ್ದವು. ನೋಡಲು ತುಂಬಾ ಚಂದ. ಆದರೆ ಅಲ್ಲಲ್ಲಿ ಬೆರಳಿಗೆ ಸಿಗುವ ಗಂಟುಗಳಿದ್ದವು. ಮಂಡಿಯ ಮೇಲಿಟ್ಟು ಬಗ್ಗಿಸಿದಾಗ ಸರಿಯಾಗಿ ಒಂದು ಗಂಟಿನ ಪಕ್ಕದಲ್ಲೇ ಲಟಕ್ಕನೆ ಮುರಿಯಿತು. ಆ ಗಂಟು ಪಾಲಿಪ್ರೊಪಿಲೀನ್ ಮುಚ್ಚಳದ ಚೂರು. ಎಚ್‌ಡಿಪಿಇ ಎಲ್ಲ ಕರಗಿತ್ತು, ಇದು ಕರಗಿರಲಿಲ್ಲ. ಎರಡೂ ನೀರಲ್ಲಿ ತೇಲುತ್ತವೆ, ಹಾಗಾಗಿ ಬಕೆಟ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿರಲಿಲ್ಲ.

ಹಾಗಾದರೆ ಅವೆರಡನ್ನು ಬೇರೆ ಮಾಡುವುದು ಹೇಗೆ? ಮೊದಲು ಒಳಗಡೆ ಅಚ್ಚೊತ್ತಿದ ಅಂಕಿ ನೋಡಬೇಕು. 1 ಅಂದರೆ ಪೆಟ್, 2 ಎಚ್‌ಡಿಪಿಇ, 3 ಪಿವಿಸಿ, 4 ತೆಳು ಕವರ್‌ಗಳ ಎಲ್‌ಡಿಪಿಇ, 5 ಪಾಲಿಪ್ರೊಪಿಲೀನ್, 6 ಪಾಲಿಸ್ಟೈರಿನ್. ಉಳಿದದ್ದೆಲ್ಲ 7. ಅಂಕಿ ಇಲ್ಲದಿದ್ದರೆ ಕೈಯೇ ಗುರು. ಎಚ್‌ಡಿಪಿಇಯನ್ನು ಉಗುರಲ್ಲಿ ಗೀರಿದರೆ ಮೇಣದ ಹಾಗೆ ಜಾರುತ್ತದೆ. ಪಾಲಿಪ್ರೊಪಿಲೀನ್ ಇನ್ನಷ್ಟು ಗಟ್ಟಿ, ಹೊಳಪು ಜಾಸ್ತಿ. ಮಡಚಿ ತೆರೆಯುವ ಮುಚ್ಚಳದ ತೆಳು ಕೀಲು ಸಾವಿರ ಸಲ ಮಡಚಿದರೂ ಮುರಿಯದಿದ್ದರೆ ಅದು ಹೆಚ್ಚಾಗಿ ಪಾಲಿಪ್ರೊಪಿಲೀನ್. ಪಾಲಿಸ್ಟೈರಿನ್ ಬಗ್ಗಿಸಿದರೆ ಚಟಕ್ಕನೆ ಒಡೆಯುತ್ತದೆ. ವರ್ಷಗಟ್ಟಲೆ ಕಸ ಆರಿಸಿದವರಿಗೆ ಇದ್ಯಾವುದೂ ಬೇಕಿಲ್ಲ. ಕೈಗೆ ತೆಗೆದುಕೊಂಡು ಒಮ್ಮೆ ಹಿಸುಕಿ, ಸದ್ದು ಕೇಳಿಯೇ ಬೇರೆ ಬೇರೆ ಚೀಲಕ್ಕೆ ಎಸೆಯುತ್ತಾರೆ.

ಇಲ್ಲಿ ಒಂದು ಮಾತು ಹೇಳಲೇಬೇಕು. 2016ರಲ್ಲಿ ಜಗತ್ತಿನಾದ್ಯಂತ ಮರುಬಳಕೆಗೆ ಸಂಗ್ರಹವಾದ ಪ್ಲಾಸ್ಟಿಕ್‌ನಲ್ಲಿ ಸುಮಾರು ಶೇ 60ರಷ್ಟನ್ನು ಹೀಗೆ ಕಸ ಆರಿಸಿ ಬದುಕುವವರೇ ಸಂಗ್ರಹಿಸಿದ್ದು ಎಂದು 2020ರ ಒಂದು ಅಧ್ಯಯನ ಅಂದಾಜು ಮಾಡಿದೆ. ಅಂದರೆ ಮರುಬಳಕೆಯ ಬೆನ್ನೆಲುಬು ಅವರೇ. ಎಷ್ಟೋ ಹೊಸ ಯೋಜನೆಗಳು ಯಂತ್ರಕ್ಕೆ ದುಡ್ಡು ಹುಡುಕುತ್ತವೆ, ಅಚ್ಚಿಗೆ ದುಡ್ಡು ಹುಡುಕುತ್ತವೆ. ಕೈಯಲ್ಲಿ ಮುಟ್ಟಿ ಪ್ಲಾಸ್ಟಿಕ್ ಗುರುತಿಸುವ ಮನುಷ್ಯರನ್ನು ಮಾತ್ರ ಕೂಲಿಯಾಳಿನ ಹಾಗೆ ನೋಡುತ್ತವೆ. ಇದು ನನಗೆ ತುಂಬಾ ಬೇಸರದ ವಿಷಯ. ಈ ಕೆಲಸದಲ್ಲಿ ವಿಂಗಡಿಸುವವರೇ ಕುಶಲಕರ್ಮಿಗಳು. ವಿಂಗಡಣೆ ಕೆಟ್ಟರೆ ಮುಂದಿನ ಯಾವ ಯಂತ್ರವೂ ಅದನ್ನು ಸರಿ ಮಾಡಲಾರದು.

ವಿಂಗಡಿಸಿದ ಮೇಲೆ ತೊಳೆಯುವುದು, ಒಣಗಿಸುವುದು, ಚೂರು ಮಾಡುವುದು. ಸ್ವಲ್ಪ ನೀರಿನಂಶ ಉಳಿದರೂ ಕರಗಿಸುವಾಗ ಆವಿಯಾಗಿ ಹಲಗೆಯೊಳಗೆ ಗುಳ್ಳೆ ಕೂರುತ್ತದೆ. ಪೆಟ್‌ನಲ್ಲಂತೂ ನೀರಿನಂಶ ಅದರ ಉದ್ದನೆಯ ಅಣುಸರಪಳಿಯನ್ನೇ ಕತ್ತರಿಸಿಹಾಕುತ್ತದೆ, ವಸ್ತು ಗಾಜಿನ ಹಾಗೆ ಪುಡಿಯಾಗುತ್ತದೆ. ದೊಡ್ಡ ಕಾರ್ಖಾನೆಗಳು ಪೆಟ್ ಚೂರನ್ನು ಗಂಟೆಗಟ್ಟಲೆ ಬಿಸಿ ಒಣಗಾಳಿಯಲ್ಲಿ ಒಣಗಿಸಿ ಆಮೇಲೆ ಕರಗಿಸುತ್ತವೆ. ಸಣ್ಣ ಕಾರ್ಯಾಗಾರಕ್ಕೆ ಇದು ಕಷ್ಟ. ಬೇಕಾಗಿಯೂ ಇಲ್ಲ. ಪೆಟ್ ಬಾಟಲಿಗೆ ದೊಡ್ಡ ಮಾರುಕಟ್ಟೆ ಇದೆ, ಅದರಿಂದ ಬಟ್ಟೆಯ ನೂಲು ತೆಗೆಯುತ್ತಾರೆ, ಮತ್ತೆ ಬಾಟಲಿಯನ್ನೂ ಮಾಡುತ್ತಾರೆ. ಅದನ್ನು ಒತ್ತಿ ಕಟ್ಟಿ ಅಲ್ಲಿಗೆ ಕಳಿಸುವುದೇ ಜಾಣತನ. ಎಲ್ಲವನ್ನೂ ನಾವೇ ಮಾಡುತ್ತೇವೆ ಎಂದು ಹೊರಟ ಕಾರ್ಯಾಗಾರ ಯಾವುದನ್ನೂ ಚೆನ್ನಾಗಿ ಮಾಡುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಸೆಂಟಿಮೀಟರ್ ದಪ್ಪದ ಎಚ್‌ಡಿಪಿಇ ಹಲಗೆಯ ತೂಕ ಸುಮಾರು ಒಂಬತ್ತೂವರೆ ಕೆ.ಜಿ. ಒಂದು ಮುಚ್ಚಳ ಎರಡೂವರೆ ಗ್ರಾಂ ಎಂದುಕೊಂಡರೆ, ಒಂದು ಹಲಗೆಗೆ 3,800 ಮುಚ್ಚಳ ಬೇಕು. ಅಷ್ಟನ್ನು ಆರಿಸಿ, ಅಂಕಿ ನೋಡಿ, ಅಂಟಿದ ಕಾಗದ ಕಿತ್ತು, ತೊಳೆದು, ಒಣಗಿಸಬೇಕು. ಯಂತ್ರದ ಕೆಲಸ ಕೆಲವು ಗಂಟೆ. ಕೈಯ ಕೆಲಸ ಅದಕ್ಕಿಂತ ಎಷ್ಟೋ ಜಾಸ್ತಿ. ಇಂಥ ಹಲಗೆಯನ್ನು ‘ಕಸದಿಂದ ಮಾಡಿದ್ದು, ಅಗ್ಗ ಇರಬೇಕು’ ಎನ್ನುವುದು ಎಂಥ ಅನ್ಯಾಯ ಅಲ್ವಾ?

ಯಾವ ವಸ್ತು ಮಾಡಬೇಕು?

ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದು, ಎಲ್ಲಕ್ಕಿಂತ ಕಡಿಮೆ ಕೇಳುವ ಪ್ರಶ್ನೆಯೂ ಇದೇ. ಹೊಸ ಕಾರ್ಯಾಗಾರಗಳು ಸಾಮಾನ್ಯವಾಗಿ ಕೀಚೈನ್, ಬಟ್ಟಲು, ಬಾಚಣಿಗೆಯಿಂದ ಶುರು ಮಾಡುತ್ತವೆ. ಅಚ್ಚು ಸಣ್ಣದು, ಬೇಗ ಆಗುತ್ತದೆ, ಮಕ್ಕಳಿಗೆ ತೋರಿಸಲು ಚೆನ್ನ. ಆದರೆ ಆ ಕೀಚೈನ್ ಇಲ್ಲದಿದ್ದರೆ ಯಾರೂ ಒಂದು ಹೊಸ ಕೀಚೈನ್ ಕೊಳ್ಳುತ್ತಿರಲಿಲ್ಲ. ಅದು ಜಗತ್ತಿಗೆ ಇನ್ನೊಂದು ವಸ್ತುವನ್ನು ಸೇರಿಸಿತು ಅಷ್ಟೇ, ಹೊಸ ಪ್ಲಾಸ್ಟಿಕ್ ಅನ್ನಾಗಲಿ ಮರವನ್ನಾಗಲಿ ಉಳಿಸಲಿಲ್ಲ. ಆರು ತಿಂಗಳಲ್ಲಿ ಕಳೆದುಹೋಗಿ ಎಲ್ಲೋ ಮಣ್ಣು ಸೇರುತ್ತದೆ, ಈ ಸಲ ಹೆಕ್ಕಲೂ ಆಗದಷ್ಟು ಚಿಕ್ಕದಾಗಿ.

ಬೇಲಿ ಕಂಬವನ್ನು ಯೋಚಿಸಿ. ಮರದ ಕಂಬಕ್ಕೆ ಗೆದ್ದಲು ಹಿಡಿಯುತ್ತದೆ, ನೆಲಮಟ್ಟದಲ್ಲಿ ಕೊಳೆಯುತ್ತದೆ. ದಪ್ಪನೆಯ ಪಾಲಿಥಿನ್ ಕಂಬಕ್ಕೆ ಎರಡೂ ಇಲ್ಲ. ಯಾರೋ ಹೇಗೂ ಕಂಬ ಹಾಕಿಸಲೇಬೇಕಿತ್ತು, ಒಂದು ಮರ ಉಳಿಯಿತು, ಐದಾರು ಕೆ.ಜಿ. ಪ್ಲಾಸ್ಟಿಕ್ ವರ್ಷಗಟ್ಟಲೆ ಒಂದೇ ಕಡೆ ನಿಂತಿತು. ಬೆಂಚು, ಸಸಿ ತಟ್ಟೆ, ಕಸದ ಡಬ್ಬಿ, ಸರಕಿನ ಕ್ರೇಟು, ಜಾರದ ಮೆಟ್ಟಿಲು ಹಲಗೆ, ಇವೆಲ್ಲ ಇದೇ ಸಾಲಿನವು. ಇನ್ನೊಂದು ಗುಟ್ಟು ಇಲ್ಲಿದೆ. ದಪ್ಪ ವಸ್ತು ಕಲಬೆರಕೆಯನ್ನು ತಡೆದುಕೊಳ್ಳುತ್ತದೆ. ನಾಲ್ಕು ಇಂಚು ದಪ್ಪದ ಕಂಬದಲ್ಲಿ ಒಂದು ಗಂಟು ಇದ್ದರೆ ಏನೂ ಆಗುವುದಿಲ್ಲ. ಮೂರು ಮಿಲಿಮೀಟರ್ ಬಟ್ಟಲಿನಲ್ಲಿ ಅದೇ ಗಂಟು ಬಿರುಕಾಗುತ್ತದೆ. ಸಣ್ಣ ಕಾರ್ಯಾಗಾರದ ವಿಂಗಡಣೆ ಯಾವತ್ತೂ ನೂರಕ್ಕೆ ನೂರು ಆಗುವುದಿಲ್ಲ, ಹಾಗಾಗಿ ಅದಕ್ಕೆ ದಪ್ಪ ವಸ್ತುವೇ ಒಗ್ಗುತ್ತದೆ. ಶೀಟ್ ಪ್ರೆಸ್ ಬಗ್ಗೆ ಆಗ ಹೇಳಿದೆನಲ್ಲ, ಕಾರಣ ಇದು. ಬಡಗಿಗಳಿಗೆ ಗೊತ್ತಿರುವ ಗರಗಸ, ಡ್ರಿಲ್‌ನಲ್ಲೇ ಕತ್ತರಿಸಿ ಜೋಡಿಸಬಹುದಾದ ಹಲಗೆ ಕೈಗೆ ಸಿಕ್ಕಿತು. ಒಂದೊಂದು ವಸ್ತುವಿಗೂ ಬೇರೆ ಅಚ್ಚು ಬೇಕಿಲ್ಲ.

ಆದರೆ ಪ್ಲಾಸ್ಟಿಕ್ ಹಲಗೆಯನ್ನು ಮರದ ಹಾಗೆ ನೋಡಿದರೆ ಮೋಸ ಹೋಗುತ್ತೇವೆ. ಎರಡು ಗುಣ ನೆನಪಿಡಬೇಕು. ಒಂದು, ಅದು ಬಿಸಿಲಿಗೆ ಹಿಗ್ಗುತ್ತದೆ. ಎಚ್‌ಡಿಪಿಇ ಹಿಗ್ಗುವುದು ಉಕ್ಕಿಗಿಂತ ಸುಮಾರು ಹತ್ತು ಪಟ್ಟು ಜಾಸ್ತಿ. ಒಂದು ಮೀಟರ್ ಉದ್ದದ ಪಟ್ಟಿ 30 ಡಿಗ್ರಿ ಬಿಸಿಯಾದರೆ ನಾಲ್ಕು ಮಿಲಿಮೀಟರ್‌ನಷ್ಟು ಬೆಳೆಯುತ್ತದೆ. ಎರಡೂ ತುದಿಗೆ ಬಿಗಿಯಾಗಿ ಸ್ಕ್ರೂ ಹಾಕಿದ್ದರೆ ಮಧ್ಯಾಹ್ನದ ಹೊತ್ತಿಗೆ ಬಿಲ್ಲಿನ ಹಾಗೆ ಬಾಗುತ್ತದೆ. ಅದಕ್ಕೇ ಒಂದು ತುದಿಯ ತೂತನ್ನು ಉದ್ದಕ್ಕೆ ಕೊರೆದು ಜಾರಲು ಜಾಗ ಬಿಡುತ್ತಾರೆ. ಎರಡು, ಭಾರ ಹೊತ್ತು ನಿಂತರೆ ಅದು ದಿನಗಳೆದಂತೆ ನಿಧಾನವಾಗಿ ಜಗ್ಗುತ್ತದೆ. ಬೆಂಚಿನ ಕಾಲುಗಳು ಮರದ ಬೆಂಚಿಗಿಂತ ಹತ್ತಿರ ಹತ್ತಿರ ಇರಬೇಕು. ಜೊತೆಗೆ ಬಿಸಿಲಿನ ಏಟು. ರಕ್ಷಣೆಗೆ ಏನೂ ಬೆರೆಸದ ಪಾಲಿಪ್ರೊಪಿಲೀನ್ ಹೊರಗಿಟ್ಟರೆ ಬೇಗ ಬಿಳಿಚಿಕೊಂಡು ಪುಡಿ ಉದುರುತ್ತದೆ. ನೀರಿನ ಟ್ಯಾಂಕ್, ಪೈಪುಗಳು ಎಷ್ಟೋ ಕಡೆ ಕಪ್ಪಗಿರುವುದು ಸುಮ್ನೆ ಅಲ್ಲ. ಅದರಲ್ಲಿ ಬೆರೆಸಿದ ಇಂಗಾಲದ ಕಪ್ಪು ಬಿಸಿಲನ್ನು ತಡೆಯುತ್ತದೆ.

ಮನೆ, ಶಾಲೆ ಕಟ್ಟುವ ಇಟ್ಟಿಗೆಯ ಬಗ್ಗೆ ನನಗೆ ಇನ್ನೂ ಅಳುಕಿದೆ. ಪಾಲಿಥಿನ್ ಹುಟ್ಟಿದ್ದು ಪೆಟ್ರೋಲಿಯಂ, ಅನಿಲಗಳಿಂದ. ಕೆ.ಜಿ. ಲೆಕ್ಕದಲ್ಲಿ ಅದು ಉರಿದು ಕೊಡುವ ಶಾಖ ಹೆಚ್ಚುಕಮ್ಮಿ ಡೀಸೆಲ್‌ನಷ್ಟೇ ಇದೆ. ಬೆಂಕಿ ತಡೆಯುವ ಲೇಪ, ಗಾರೆ, ಪರೀಕ್ಷೆ ಎಲ್ಲ ಸರಿಯಾಗಿ ಆಗಿದ್ದರೆ ಬೇರೆ ಮಾತು. ಯಾರೋ ಶೆಡ್‌ನಲ್ಲಿ ಒತ್ತಿದ ಇಟ್ಟಿಗೆಯಲ್ಲಿ ಮಕ್ಕಳು ಕೂರುವ ಕೋಣೆ ಕಟ್ಟುವುದನ್ನು ನಾನು ಒಪ್ಪಲಾರೆ. ನೆಲಕ್ಕೆ ಹಾಸುವ ಬಿಲ್ಲೆಗೆ ಈ ಭಯ ಅಷ್ಟಿಲ್ಲ.

ಊಟದ ತಟ್ಟೆ, ಲೋಟ, ಮಗು ಬಾಯಿಗೆ ಹಾಕುವ ಆಟಿಕೆ, ಇವನ್ನು ಸಣ್ಣ ಕಾರ್ಯಾಗಾರದಲ್ಲಿ ಮಾಡಲೇಬಾರದು. ಆ ಡಬ್ಬಿಯಲ್ಲಿ ಮೊದಲು ಏನಿತ್ತೋ, ಕೀಟನಾಶಕವೋ ಎಂಜಿನ್ ಆಯಿಲೋ ಯಾರಿಗೂ ಗೊತ್ತಿರುವುದಿಲ್ಲ. ಹಳೆಯ ಟಿ.ವಿ., ಕಂಪ್ಯೂಟರಿನ ಕಪ್ಪು ಪ್ಲಾಸ್ಟಿಕ್‌ನಲ್ಲಿ ಬೆಂಕಿ ತಡೆಯಲು ಬೆರೆಸಿದ ಬ್ರೋಮಿನ್ ರಾಸಾಯನಿಕಗಳು ಇರಬಹುದು. ಕರಗಿಸಿದ ಮಾತ್ರಕ್ಕೆ ಅವು ಹೋಗುವುದಿಲ್ಲ, ಹೊಸ ವಸ್ತುವಿನ ಒಳಗೇ ಕೂರುತ್ತವೆ.

ಹೊಗೆ ಮತ್ತು ನೀರು

ತಗಡಿನ ಡ್ರಮ್ಮಿನಡಿ ಸೌದೆ ಉರಿಸಿ ಕವರ್‌ಗಳನ್ನು ಕರಗಿಸುವುದನ್ನು ಎಷ್ಟೋ ಕಡೆ ನೋಡಬಹುದು. ಕೋಲಲ್ಲಿ ತಿರುವುತ್ತಾ ನಿಂತ ಮನುಷ್ಯರ ಮುಖದ ಮೇಲೇ ಹೊಗೆ ಏಳುತ್ತದೆ. ಬಿಸಿ ಎಷ್ಟಿದೆ ಎಂದು ಅಳೆಯುವ ಸಾಧನ ಇಲ್ಲ. ಒಂದು ತುಂಡು ಪಿವಿಸಿ ಪೈಪು ಅಥವಾ ವೈರಿನ ಹೊದಿಕೆ ಒಳಗೆ ಸೇರಿಕೊಂಡರೆ ಸಾಕು. ಪಿವಿಸಿ 200 ಡಿಗ್ರಿಗೂ ಮೊದಲೇ ಒಡೆದು ಹೈಡ್ರೋಕ್ಲೋರಿಕ್ ಆಮ್ಲದ ಅನಿಲ ಬಿಡುತ್ತದೆ, ಗಂಟಲು, ಕಣ್ಣು ಉರಿಯುತ್ತದೆ, ಯಂತ್ರದ ಕಬ್ಬಿಣವೂ ತುಕ್ಕು ಹಿಡಿಯುತ್ತದೆ. ಬೆಂಕಿಯೇ ತಗುಲಿದರೆ ಡಯಾಕ್ಸಿನ್‌ನಂಥ ವಿಷ ಹುಟ್ಟುತ್ತದೆ. ಪಾಲಿಸ್ಟೈರಿನ್ ಜಾಸ್ತಿ ಬಿಸಿಯಾದರೆ ಸ್ಟೈರಿನ್ ಎಂಬ ಹಾನಿಕರ ಆವಿ ಬಿಡುತ್ತದೆ. ಎಚ್‌ಡಿಪಿಇ, ಪಾಲಿಪ್ರೊಪಿಲೀನ್‌ಗಳನ್ನು ಹದವಾಗಿ, 200ರ ಆಸುಪಾಸಿನಲ್ಲಿ, ಬಿಸಿ ಹತೋಟಿಯಲ್ಲಿರುವ ಮುಚ್ಚಿದ ಯಂತ್ರದಲ್ಲಿ ಕರಗಿಸಿದರೆ ಘಾಟು ಕಡಿಮೆ. ಆದರೂ ಹೊಗೆ ಎಳೆಯುವ ಫ್ಯಾನು, ಇಂಗಾಲದ ಫಿಲ್ಟರು ಬೇಕೇ ಬೇಕು. ಹೊರಬಂದ ಪ್ಲಾಸ್ಟಿಕ್‌ನಲ್ಲಿ ಕಂದು ಚುಕ್ಕೆ ಕಂಡರೆ ಎಲ್ಲೋ ಸುಟ್ಟಿದೆ ಎಂದು ಅರ್ಥ. ಅಲ್ಲೇ ನಿಲ್ಲಿಸಬೇಕು.

ಊರಿನ ಕಸಕ್ಕೆ ದಾರಿ ಮಾಡುತ್ತೇವೆಂದು ಹೊರಟು ಕೆಲಸದವರ ಶ್ವಾಸಕೋಶ ಹಾಳು ಮಾಡುವುದಾದರೆ ಆ ಕಾರ್ಯಾಗಾರ ತೆರೆಯದಿರುವುದೇ ಮೇಲು. ಇದರಲ್ಲಿ ನನಗೆ ಎರಡು ಮಾತಿಲ್ಲ.

ನೀರಿನ ಕತೆ ಕಣ್ಣಿಗೆ ಕಾಣುವುದಿಲ್ಲ. ಬ್ರಿಟನ್ನಿನ ಒಂದು ಆಧುನಿಕ ಮರುಬಳಕೆ ಘಟಕದ ತೊಳೆದ ನೀರನ್ನು ಪರೀಕ್ಷೆ ಮಾಡಿದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಫಿಲ್ಟರ್ ಹಾಕುವ ಮೊದಲು, ಒಳಗೆ ಬಂದ ಪ್ಲಾಸ್ಟಿಕ್‌ನ ಸುಮಾರು ಶೇ 13ರಷ್ಟು ಸೂಕ್ಷ್ಮ ಕಣಗಳಾಗಿ ನೀರಿಗೆ ಸೇರುತ್ತಿರಬಹುದು ಎಂದು ಅದರ ಅಂದಾಜು. ಫಿಲ್ಟರ್ ಹಾಕಿದ ಮೇಲೂ ಶೇ 6. ದೊಡ್ಡ ಘಟಕದ ಗತಿಯೇ ಇದಾದರೆ ಅಂಗಳದಲ್ಲಿ ತೊಟ್ಟಿ ಇಟ್ಟು ತೊಳೆದು ಚರಂಡಿಗೆ ಬಿಡುವವರದ್ದು? ತೊಳೆದ ನೀರನ್ನು ಒಂದಾದ ಮೇಲೊಂದು ಮೂರು ತೊಟ್ಟಿಗಳಲ್ಲಿ ನಿಲ್ಲಿಸಿ, ಬಟ್ಟೆಯಲ್ಲಿ ಸೋಸಿ, ಮತ್ತೆ ಅದೇ ನೀರಲ್ಲಿ ತೊಳೆಯಬೇಕು. ಅತಿ ಸಣ್ಣ ಕಣಗಳನ್ನು ಬಟ್ಟೆ ಹಿಡಿಯುವುದಿಲ್ಲ, ಆದರೆ ಹೊರಗೆ ಹೋಗುವ ನೀರೇ ಕಡಿಮೆಯಾದರೆ ಹೋಗುವ ಕಣವೂ ಕಡಿಮೆ. ಹಲಗೆ ಕೊಯ್ಯುವಾಗ ಉದುರುವ ಪುಡಿಯನ್ನೂ ಗುಡಿಸಿ ಮತ್ತೆ ಪ್ರೆಸ್ಸಿಗೇ ಹಾಕಬೇಕು.

ಸಣ್ಣದರಿಂದ ಎಷ್ಟು ಸಾಧ್ಯ?

ದಿನಕ್ಕೆ 50 ಕೆ.ಜಿ. ಪ್ಲಾಸ್ಟಿಕ್ ಅರಗಿಸುವ ಒಂದು ಕಾರ್ಯಾಗಾರ, ವರ್ಷಕ್ಕೆ 300 ದಿನ ನಡೆಯುತ್ತದೆ ಎಂದುಕೊಳ್ಳೋಣ. ವರ್ಷಕ್ಕೆ 15 ಟನ್. ಒಂದು ಸಣ್ಣ ಊರಿನ ಮಟ್ಟಿಗೆ ಇದು ದೊಡ್ಡ ವ್ಯತ್ಯಾಸ. ಆದರೆ 2019ರ ಒಂದು ವರ್ಷದ ಕಸಕ್ಕೇ ಇಂಥ 2 ಕೋಟಿ 35 ಲಕ್ಷ ಕಾರ್ಯಾಗಾರ ಬೇಕು. ಆಗದ ಮಾತು. ಪದರ ಪದರವಾಗಿ ಬೇರೆ ಬೇರೆ ಪ್ಲಾಸ್ಟಿಕ್, ಅಲ್ಯುಮಿನಿಯಂ ಅಂಟಿಸಿದ ಪೊಟ್ಟಣಗಳನ್ನಂತೂ ಸಣ್ಣ ಕಾರ್ಯಾಗಾರ ಬಿಡಿಸಲಾರದು. ದೊಡ್ಡವೂ ಬಿಡಿಸಲು ತಿಣುಕುತ್ತವೆ. ಅಂಥ ಪೊಟ್ಟಣವನ್ನು ತಯಾರಿಸುವ ಕಡೆಯೇ ಬದಲಾಯಿಸಬೇಕು.

ಬೆಲೆಯ ಏಟು ಬೇರೆ ಇದೆ. ಹೊಸ ಪ್ಲಾಸ್ಟಿಕ್‌ನ ಬೆಲೆ ಕಚ್ಚಾ ತೈಲದ ಬೆನ್ನು ಹಿಡಿದು ನಡೆಯುತ್ತದೆ. ತೈಲ ಅಗ್ಗವಾದರೆ ಹೊಸ ಪ್ಲಾಸ್ಟಿಕ್ ಹರಳೂ ಅಗ್ಗ, ಆಗ ತೊಳೆದು ಚೂರು ಮಾಡಿದ ಹಳೆಯದನ್ನು ಕೇಳುವವರೇ ಇಲ್ಲ. ಚೂರನ್ನಷ್ಟೇ ಮಾರುವ ಕಾರ್ಯಾಗಾರ ಇಂಥ ಹೊತ್ತಲ್ಲಿ ಮುಚ್ಚುತ್ತದೆ. ಬೆಂಚು, ಕಂಬ ಮಾಡಿ ಮಾರುವವರು ತಡೆದುಕೊಳ್ಳುತ್ತಾರೆ, ಅವರ ಪೈಪೋಟಿ ಮರದ ಜೊತೆ, ಕಾಂಕ್ರೀಟಿನ ಜೊತೆ.

2022ರ ಮಾರ್ಚ್‌ನಲ್ಲಿ ನೈರೋಬಿಯಲ್ಲಿ ದೇಶಗಳೆಲ್ಲ ಸೇರಿ ಪ್ಲಾಸ್ಟಿಕ್ ಬಗ್ಗೆ ಜಾಗತಿಕ ಒಪ್ಪಂದ ಮಾಡಿಕೊಳ್ಳೋಣ ಎಂದು ತೀರ್ಮಾನಿಸಿದವು. 2024ರ ಕೊನೆಗೆ ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ, 2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ಮಾತುಕತೆ ಒಪ್ಪಂದವಿಲ್ಲದೆ ಮುಗಿಯಿತು. ಜಗಳ ಬಹುಮಟ್ಟಿಗೆ ಒಂದೇ ವಿಷಯಕ್ಕೆ. ತಯಾರಿಕೆಗೇ ಮಿತಿ ಹಾಕಬೇಕೋ, ಕಸ ನಿರ್ವಹಣೆಯಷ್ಟೇ ಸಾಕೋ? ತೈಲ ಮಾರುವ ದೇಶಗಳು ಎರಡನೆಯದರ ಕಡೆ. ಕಸದಿಂದ ಬೆಂಚು ಮಾಡಿದ ಚಿತ್ರಗಳು ಈ ವಾದಕ್ಕೆ ಬಹಳ ಅನುಕೂಲ. ಎಲ್ಲವೂ ಮರುಬಳಕೆಯಾಗುತ್ತದೆ, ಇನ್ನಷ್ಟು ತಯಾರಿಸಬಹುದು ಎನ್ನುವ ಭ್ರಮೆ ಹುಟ್ಟುತ್ತದೆ. ಪ್ಲಾಸ್ಟಿಕ್ ಮೇಲಿನ ಅಂಕಿಯ ಸುತ್ತ ಕಾಣುವ ಬಾಣಗಳ ತ್ರಿಕೋನವೂ ಇದೇ ಭ್ರಮೆ ಹುಟ್ಟಿಸುತ್ತದೆ. ಅದು 1988ರಲ್ಲಿ ಪ್ಲಾಸ್ಟಿಕ್ ಉದ್ಯಮವೇ ತಂದದ್ದು. ಅದು ಯಾವ ಜಾತಿಯ ಪ್ಲಾಸ್ಟಿಕ್ ಎಂದಷ್ಟೇ ಹೇಳುತ್ತದೆ, ಮರುಬಳಕೆ ಆಗುತ್ತದೆ ಎಂದಲ್ಲ. ಜನ ತಪ್ಪು ತಿಳಿಯುತ್ತಿದ್ದಾರೆ ಎಂದು 2013ರಲ್ಲಿ ಬಾಣ ತೆಗೆದು ಬರೀ ತ್ರಿಕೋನ ಮಾಡುವಂತೆ ಮಾನದಂಡ ತಿದ್ದಿದರು. ಹಳೆಯ ಅಚ್ಚುಗಳಲ್ಲಿ ಬಾಣ ಇನ್ನೂ ಹಾಗೇ ಇದೆ. ಹಾಗಾಗಿ ಕಾರ್ಯಾಗಾರ ನಡೆಸುವವರಿಗೆ ನನ್ನ ಕೋರಿಕೆ: ನಿಮ್ಮ ಬೆಂಚಿನ ಮೇಲೆ ಪೊಟ್ಟಣ ಕಂಪನಿಯ ಹೆಸರು ಹಾಕಿಸಿಕೊಳ್ಳುವ ಮೊದಲು, ಆ ಕಂಪನಿ ಪೊಟ್ಟಣ ಎಷ್ಟು ಕಡಿಮೆ ಮಾಡಿದೆ ಎಂದು ಕೇಳಿ.

ಕೊನೆಗೆ ಎಲ್ಲರೂ ಬಿಡುವ ಒಂದು ಸಂಗತಿ. ನಾವು ಮಾಡಿದ ವಸ್ತು ಹತ್ತು ವರ್ಷದ ಮೇಲೆ ಮುರಿದಾಗ ಏನಾಗುತ್ತದೆ? ಮರಳು ಬೆರೆಸಿದ ಬಿಲ್ಲೆಗೆ ಅದೇ ಕೊನೆಯ ನಿಲ್ದಾಣ. ಅದನ್ನು ಮತ್ತೆ ಶ್ರೆಡರ್‌ಗೆ ಹಾಕಿದರೆ ಮರಳು ಅಲಗುಗಳನ್ನು ತಿಂದುಹಾಕುತ್ತದೆ. ಬೇರೆಲ್ಲೂ ಬೇಡದ ತೆಳು ಕವರ್‌ಗಳಿಗೆ ಆ ದಾರಿ ಸರಿಯೇ. ಶುದ್ಧ ಎಚ್‌ಡಿಪಿಇ ಮುಚ್ಚಳಗಳನ್ನು ಮಾತ್ರ ಮರಳಿಗೆ ಸುರಿಯಬೇಡಿ. ಅವುಗಳಿಂದ ಹಲಗೆ ಒತ್ತಿ, ಅಂಟು ಹಾಕದೆ ಸ್ಕ್ರೂನಲ್ಲಿ ಸ್ಟೂಲು ಜೋಡಿಸಿ, ಕೂರುವ ಹಲಗೆಯ ಅಡಿಗೆ ದೊಡ್ಡದಾಗಿ ‘2’ ಎಂದು ಕೊರೆದಿಡಿ. ಮುಂದೊಂದು ದಿನ ಸ್ಟೂಲು ಮುರಿದಾಗ, ಅದನ್ನು ಬಿಚ್ಚಿ ನೋಡುವವರಿಗೆ ಬಕೆಟ್ ನೀರೂ ಬೇಕಾಗುವುದಿಲ್ಲ.